ಬೆಂಕಿಪೊಟ್ಟಣದ ನುಸಿ

ಅಕ್ಕಿ ಡಬ್ಬದಿಂದ ಮುಗ್ಗಲು ವಾಸನೆ ಬಂದರೆ ಈಗಲೂ ಗೌರಿಯ ನೆನಪಾಗಿ ನನ್ನ ತಲೆ ತಗ್ಗುತ್ತದೆ.

ಎಚ್.ಡಿ. ಕೋಟೆ ಕಡೆಯ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಒಂದೊಂದು ಹುಳ ತರಲು ಹೇಳಿದ್ದರು. ನಾನು ನಮ್ಮ ಅಕ್ಕಿಮೂಟೆಯ ನುಸಿಗಳನ್ನು ಬೆಂಕಿಪೊಟ್ಟಣದಲ್ಲಿ ಒಯ್ದೆ. ಮೇಷ್ಟ್ರು ಭೂತಗನ್ನಡಿ ಹಿಡಿದು, "ನೋಡ್ರೋ, ಆನೆಗಿರೋ ಹಂಗೆ ಸೊಂಡ್ಲು. ಅದ್ರಲ್ಲೇ ಕಾಳು ಕೊರೆಯೋದು. ಮುಟ್ಟಿದ್ರೆ ಸತ್ತಂಗೆ ನಾಟಕ ಆಡ್ತದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾರ ಮನೇದಮ್ಮ ಇದು?" ಎಂದು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಗೌರಿ ಮನೇದು ಸಾ," ಎಂದುಬಿಟ್ಟೆ.

ತರಗತಿಯೆಲ್ಲ ನಕ್ಕಿತು. ಕಾಡಂಚಿನ ಗಿರಿಜನರ ಹಾಡಿಯಿಂದ ಬರುತ್ತಿದ್ದ ಗೌರಿ ಪುಸ್ತಕದಿಂದ ಕಣ್ಣೆತ್ತಲಿಲ್ಲ.

ಸಂಜೆ ಅವಳವ್ವ ನಮ್ಮ ಹೊಗೆಸೊಪ್ಪಿನ ಕೆಲಸ ಮುಗಿಸಿ ಹೊರಟಾಗ, ನಮ್ಮವ್ವ ಕೂಲಿಯ ಜೊತೆಗೆಂದು ಅದೇ ಮೂಟೆಯಿಂದ ಅಕ್ಕಿ ಮೊಗೆದಳು. "ನುಸಿ ಬಿದ್ದದೆ ಕಣಮ್ಮಿ, ಕೇರ್ಕಂಡು ಬೇಯಿಸ್ಕೊ," ಎಂದಳು. ಚೀಲದ ಬಾಯಿ ಹಿಡಿದು ನಿಂತಿದ್ದ ಗೌರಿಯ ಬೆರಳಿಗೆ ಒಂದು ನುಸಿ ಹತ್ತಿತು. ಅವಳು ಅದನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ಮೆಲ್ಲಗೆ, "ತಕೊ, ಇದು ನಿಮ್ಮನೇದು," ಎಂದಳು.

ನುಸಿ ಕಾಲು ಮಡಚಿಕೊಂಡು ಸತ್ತಂತೆ ಬಿದ್ದಿತ್ತು. ನಾನೂ ಅಲುಗಾಡಲಿಲ್ಲ.