ಎಂಬತ್ತು ಸಾಲು

ಅಳಿಸಬೇಕಾದ ಕೋಡಿನ ಎಂಬತ್ತು ಸಾಲುಗಳು ಪರದೆಯ ಮೇಲೆ ಕೆಂಪಾಗಿದ್ದವು. ಅವುಗಳ ಕೆಳಗೆ ಹಸಿರು ಬಣ್ಣದಲ್ಲಿ ಒಂದೇ ಒಂದು ಹೊಸ ಸಾಲಿತ್ತು. ಡೇಟಾಬೇಸಿಗಾಗಿ ಬರೆದ ಪೈಥಾನ್ ಲೈಬ್ರರಿಯಲ್ಲಿ, ಎಂದರೆ ಸಿದ್ಧ ಕೋಡಿನ ಕಟ್ಟಿನಲ್ಲಿ, ಡಿಸೈನ್ ಪ್ಯಾಟರ್ನ್ ಎಂಬ ಒಂದು ಮಾದರಿ ರಚನೆ ಕಟ್ಟಲು ಇಷ್ಟು ದಿನ ಕ್ಲಾಸ್ ಎಂಬ ನಾಲ್ಕು ಕೋಡ್ ತುಣುಕು ಬರೆಯಬೇಕಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ ಅದನ್ನು ಒಂದೇ ಸಾಲಿಗೆ ಇಳಿಸಿದ್ದಳು. "ಅಕ್ಕಾ, ನೀವು ಹೂಂ ಅಂದ್ರೆ ಹಳೇದನ್ನೆಲ್ಲ ತೆಗೆದುಬಿಡ್ತೀನಿ," ಎಂದಳು. ಆ ಎಂಬತ್ತು ಸಾಲೂ ತಾನೇ ಬರೆದವೆಂದು ಹಿರಿಯ ಇಂಜಿನಿಯರ್ ಅವಳಿಗೆ ಹೇಳಲಿಲ್ಲ.

ಹನ್ನೆರಡು ವರ್ಷಗಳ ಹಿಂದೆ, ಆಗಾಗ ಕೈಕೊಡುತ್ತಿದ್ದ ಫ್ಯಾನಿನ ಕೆಳಗೆ ಒಂದೇ ಮೇಜಿಗೆ ಎರಡು ಕುರ್ಚಿ ಹಾಕಿಕೊಂಡು ಈ ಹಿರಿಯ ಇಂಜಿನಿಯರೂ ಅವಳ ಗೆಳೆಯನೂ ಈ ಲೈಬ್ರರಿ ಶುರುಮಾಡಿದ್ದರು. "ಇದಕ್ಕೆ ಇಷ್ಟೊಂದು ಸುತ್ತು ಯಾಕೆ? ಒಂದು ಸಾಲು ಸಾಕು ಕಣೇ," ಎಂದು ಅವನು ಪಟ್ಟುಹಿಡಿದಿದ್ದ. ಎಲ್ಲವನ್ನೂ ಬಿಡಿಸಿ ಬರೆಯಬೇಕೆಂದು ಅವಳೂ ಜಗ್ಗಲಿಲ್ಲ. ಮಾತಿಗೆ ಮಾತು ಬೆಳೆದು, ಅರ್ಧ ಕುಡಿದ ಟೀಯನ್ನು ಅಲ್ಲೇ ಬಿಟ್ಟು ಅವನು ಎದ್ದುಹೋಗಿದ್ದ. ಮತ್ತೆ ಬರಲೇ ಇಲ್ಲ.

ಅವಳು "ಹೂಂ" ಎಂದಳು. ಆಮೇಲೆ ಫೋನ್ ಹಿಡಿದು ಕಿಟಕಿಯ ಬಳಿ ಹೋದಳು. ಅವನ ನಂಬರ್ ಬದಲಾಗಿರಲಿಲ್ಲ.

"ನೀನು ಅವತ್ತು ಹೇಳಿದ್ದೇ ಸರಿ ಕಣೋ. ಈಗ ಒಂದೇ ಸಾಲು ಮಾಡಿದ್ವಿ. ನಂದೆಲ್ಲ ಅಳಿಸಿದ್ವಿ."

ಆ ಕಡೆ ಬೆಂಚು ಎಳೆಯುವ ಸದ್ದು ಕೇಳಿಸಿತು. ಅವನೀಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆಂದು ಯಾರೋ ಅಂದದ್ದು ಅವಳಿಗೆ ನೆನಪಾಯಿತು.

"ಅಯ್ಯೋ, ಅಳಿಸಿಬಿಟ್ಯಾ?" ಅವನ ದನಿ ಇಳಿಯಿತು. "ಪ್ರತಿ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ನಾನು ನಿನ್ನ ಆ ಎಂಬತ್ತು ಸಾಲನ್ನೇ ಬರೆದು ತೋರಿಸ್ತೀನಿ ಕಣೇ. ಒಳಗೆ ಏನು ನಡೆಯುತ್ತೆ ಅಂತ ಅವರಿಗೆ ಅರ್ಥವಾಗೋದು ನಿನ್ನದ್ರಲ್ಲೇ."