ಪರದೆಯ ಹಿಂದಿನ ಆನೆ

ಪರದೆಯ ಬಟ್ಟೆಗೆ ಇನ್ನೂರೈವತ್ತು ರೂಪಾಯಿ. ಅದರ ಮೇಲೆ ಹಿಮದ ಬೆಟ್ಟ, ಕೊಳ, ಎರಡು ಹಂಸ ಬರೆದ ಪೇಂಟರಿಗೆ ನಾನೂರು.

ಹಗ್ಗ, ಬಿದಿರಿನ ಗಳ ಸೇರಿ ಮೂವತ್ತು...

ಪರದೆ ತೂಗುಹಾಕಿದ ಗೋಡೆಗೆ? ಒಂದು ಪೈಸೆಯೂ ಇಲ್ಲ.

ಅದು ಊರಿನ ಅಗಸಿಯ ಗೋಡೆ. ಕೋಟೆಯ ಕಾಲದ ಕಲ್ಲಿನ ಹೆಬ್ಬಾಗಿಲು. ಅಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬೀಳುತ್ತದೆಂದು ಸ್ಟುಡಿಯೊ ರೇವಣೆಪ್ಪ ಮೂವತ್ತು ವರ್ಷ ಅದೇ ಗೋಡೆಗೆ ಪರದೆ ಕಟ್ಟಿ ಊರವರ ಫೋಟೊ ತೆಗೆದ.

ಆಮೇಲೆ ಮೊಬೈಲ್ ಬಂತು, ಪರದೆ ಇಳಿಯಿತು... ಅದೇ ಜಾಗಕ್ಕೆ ಹುಟ್ಟುಹಬ್ಬದ ಬ್ಯಾನರ್‌ಗಳು ಏರಿದವು!

ಹೋದ ಮಳೆಗಾಲದಲ್ಲಿ ಗೋಡೆ ಕುಸಿಯಿತು. ಕೆತ್ತನೆಯ ಕಲ್ಲೆಲ್ಲ ಚೂರುಚೂರು. ಯಾರೋ ಆ ಚೂರುಗಳನ್ನೂ ಟ್ರ್ಯಾಕ್ಟರಿಗೆ ತುಂಬಿ ರಸ್ತೆಯ ಗುಂಡಿಗೆ ಸುರಿದರು.

ಅಧಿಕಾರಿ ಬಂದು ನೋಡಿ ಹೇಳಿದರು, “ಹಳೆ ಫೋಟೊ ಇದ್ದರೆ ಹಾಗೇ ಕೆತ್ತಿಸಿ ಕಟ್ಟಿಸ್ತೀವಿ. ಇಲ್ಲಾಂದ್ರೆ ಬೋಳು ಕಲ್ಲಿನ ಗೋಡೆ ಅಷ್ಟೇ. ಸೋಮವಾರದೊಳಗೆ ತಿಳಿಸಿ.”

ಎಲ್ಲರೂ ರೇವಣೆಪ್ಪನ ಮುಖ ನೋಡಿದರು. ಆ ಕಾಲಕ್ಕೆ ಊರಲ್ಲಿ ಇದ್ದದ್ದೇ ಅವನ ಕ್ಯಾಮೆರಾ ಒಂದು!

ಟ್ರಂಕುಗಳನ್ನು ಇಳಿಸಿದ. ನೆಗೆಟಿವ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ.

ಹಂಸ... ಹಂಸ... ಮತ್ತೆ ಹಂಸ.

ಗೋಡೆಯ ಮೇಲೆ ಏನಿತ್ತೆಂದು ಅವನಿಗೇ ನೆನಪಿಲ್ಲ. ಊರವರನ್ನು ಕೇಳಿದರೆ ಜಗಳವೇ ಶುರುವಾಯಿತು.

“ಆನಿ ಇತ್ತು.”

“ಏ, ಕುದರಿ!”

“ಸಿಂಹ ಇತ್ತಲೇ, ನಮ್ಮಜ್ಜ ಹೇಳಿದ್ದ!”

ಹೆಂಡತಿ ಚಹಾ ತಂದಿಟ್ಟು ಚುಚ್ಚಿದಳು, “ಹಂಸ ಬೇಕಂದ್ರ ಹೇಳ್ರಿ... ಇಡೀ ಜಿಲ್ಲಾಕ್ಕ ಹಂಚೂವಷ್ಟು ಅದಾವ.”

“ನೀ ಒಂದ್ ಸುಮ್ನಿರ!” ಎಂದು ಸಿಟ್ಟಿನಲ್ಲಿ ಟ್ರಂಕಿಗೆ ಒದ್ದ. ಕಾಲೇ ನೋಯಿತು.

ಭಾನುವಾರ ಸಂಜೆ ಮಿರ್ಚಿ ಭಜಿ ಮಾರುವ ಕಾಶವ್ವ ಬಂದಳು. ಸೆರಗಿನೊಳಗೆ ಒಂದು ಹಳೆಯ ಫೋಟೊ.

“ಅಣ್ಣಾರ, ಇದು ನಡೀತೈತೇನ್ ನೋಡ್ರಿ. ಗಾಳಿಗೆ ಪರದೆ ಹಾರಿ ಫೋಟೊ ಕೆಟ್ಟೈತಿ ಅಂತ ನೀವು ಕಸಕ್ಕ ಒಗ್ಯಾಕ ಹೊಂಟಿದ್ರಿ. ನಮ್ಮ ಮನಿಯವ್ರು ಕೇಳಿ ಇಸ್ಕೊಂಡ್ರು... ‘ಇರಲಿ, ಇದರಾಗ ನೀ ನಕ್ಕಿದಿ’ ಅಂದ್ರು. ಮತ್ತೊಂದ ತಗಸಲೇ ಇಲ್ಲ.”

ಫೋಟೊದಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಹಾರುವ ಪರದೆ ಹಿಡಿಯಲು ಗಂಡ ಕೈಚಾಚಿದ್ದಾನೆ. ಅವನನ್ನು ನೋಡಿ ಅವಳು ಬಾಯ್ತುಂಬ ನಗುತ್ತಿದ್ದಾಳೆ.

ಅವರ ಹಿಂದೆ, ಎಡಕ್ಕೆ... ಕಲ್ಲಿನ ಆನೆ! ಅದರ ಸೊಂಡಿಲಿಗೆ ತನ್ನ ಪುಟ್ಟ ಸೊಂಡಿಲು ಸುತ್ತಿ ನಿಂತ ಮರಿ!

ರೇವಣೆಪ್ಪನ ಕಣ್ಣು ತುಂಬಿತು. ಮೂವತ್ತು ವರ್ಷ ಇದರ ಎದುರಿಗೇ ನಿಂತಿದ್ದ... ಅಲ್ಲೊಂದು ಮರಿ ಇದೆಯೆಂದೇ ಗೊತ್ತಿರಲಿಲ್ಲ.

ಫೋಟೊದ ಬಲಭಾಗವನ್ನು ಮಾತ್ರ ಪರದೆ ಮುಚ್ಚಿಯೇ ಇತ್ತು.

“ಬಲಕ್ಕ ಏನಿತ್ತ ಕಾಶವ್ವ? ಸ್ವಲ್ಪ ನೆನಪ ಮಾಡ್ಕೊ.”

“ನನಗೇನ್ ಗೊತ್ತರಿ ಅಣ್ಣಾರ... ನಾ ಅವರನ್ನ ನೋಡಾಕತ್ತಿದ್ದೆ.”

ಆಮೇಲೆ ಮೆಲ್ಲಗೆ ಕೇಳಿದಳು, “ಕೆಲಸ ಆದಮ್ಯಾಲ ತಿರುಗಿ ಕೊಡ್ತೀರಿಲ್ಲ? ಅವರು ಹೋಗಿ ಆರು ವರ್ಷಾತು... ಇಬ್ಬರೂ ಕೂಡಿ ಇದ್ದದ್ದು ಇದೊಂದ ಐತಿ.”

ರೇವಣೆಪ್ಪ ಹೌದೆಂದು ತಲೆಯಾಡಿಸಿ ಕೈಮುಗಿದ.

ಈಗ ಅಗಸಿ ಮತ್ತೆ ಎದ್ದು ನಿಂತಿದೆ. ಎಡಕ್ಕೆ ಆನೆ ಮತ್ತು ಮರಿ.

ಬಲಕ್ಕೆ ಬೋಳು ಕಲ್ಲು... ಅಲ್ಲಿ ಏನಿತ್ತೋ, ಅದು ಹೋಯಿತು. ಇನ್ನು ಯಾರೂ ತರಲಾರರು.

*ಕಣ್ಣೆದುರಿಗೆ ಇದ್ದ ಮಾತ್ರಕ್ಕೆ ನಾವು ಅದನ್ನು ಕಂಡಿದ್ದೇವೆ ಎಂದಲ್ಲ.*

ನಿಮ್ಮ ಮೊಬೈಲಿನಲ್ಲಿ ಸಾವಿರ ಫೋಟೊ ಇರಬಹುದು... ದಿನಾ ದಾಟಿ ಹೋಗುವ ನಿಮ್ಮೂರಿನ ಗೋಡೆ, ಬಾವಿ, ಕಟ್ಟೆಯದ್ದು ಒಂದಾದರೂ ಇದೆಯೇ?