ಗೆರೆ ಅಲುಗದ ಗುರುವಾರ

ಭೂಕಂಪ ಅಳೆಯುವ ಯಂತ್ರವನ್ನು ನೀಲಗಂಗವ್ವನ ಪಡಸಾಲೆಯಲ್ಲಿ ಇಟ್ಟು ತಿಂಗಳಾಗಿತ್ತು. ಅದು ಬರೆದ ಗೆರೆಗಳನ್ನು ನೋಡಿ ವಿಜ್ಞಾನಿ ಸಾಹೇಬರ ಎದೆ ಧಸಕ್ಕೆಂದಿತು. ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ನೆಲ ನಡುಗಿದೆ.

ಅಲ್ಲೇ ಪಕ್ಕದಲ್ಲಿ ಶೇಂಗಾ ಚಟ್ನಿ ಕುಟ್ಟಲು ಒನಕೆ ಹಿಡಿದು ಅಣಿಯಾಗಿದ್ದ ನೀಲಗಂಗವ್ವ ಅದನ್ನು ಕೆಳಗಿಟ್ಟಳು. "ನೆಲ ಯಾಕ ನಡಗತೈತ್ರೀ?"

ಪಾಠ ಹೇಳುವುದೆಂದರೆ ಸಾಹೇಬರಿಗೆ ಹಬ್ಬ. ಬುಟ್ಟಿಯಿಂದ ಎರಡು ಕಟಕ್ ರೊಟ್ಟಿ ತೆಗೆದು ಅಂಚಿಗೆ ಅಂಚು ಒತ್ತಿದರು. "ಭೂಮಿಯ ಮೇಲ್ಪದರ ಹೀಗೆ ದೊಡ್ಡ ದೊಡ್ಡ ಫಲಕಗಳಾಗಿದೆ ಅಜ್ಜಿ. ನಮ್ಮ ಫಲಕ ಉತ್ತರದ ಫಲಕವನ್ನು ನೂಕುತ್ತಲೇ ಇರುತ್ತದೆ. ಒತ್ತಡ ತಾಳಲಾರದೆ ಎಲ್ಲೋ ಬಂಡೆ ಬಿರಿದು ಜಾರಿದರೆ..."

ರೊಟ್ಟಿ ಲಟಕ್ಕನೆ ಮುರಿಯಿತು.

"ಹೋತು ನನ್ನ ರೊಟ್ಟಿ" ಎಂದಳು ಮುದುಕಿ.

"ನಗಬೇಡಿ. ಹೋದ ಗುರುವಾರ ಒಂದು ದಿನ ಮಾತ್ರ ಗೆರೆ ಅಲುಗಿಲ್ಲ. ಒತ್ತಡವೆಲ್ಲ ಒಳಗೇ ಕೂಡಿಕೊಳ್ಳುತ್ತಿದೆ. ಇವತ್ತೇ ಊರು ಖಾಲಿ ಮಾಡಿಸಬೇಕು." ಸಾಹೇಬರು ಫೋನು ತೆಗೆದರು.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಮುದುಕಿ ಮತ್ತೆ ಒನಕೆ ಎತ್ತಿಕೊಂಡಳು.

"ಗುರುವಾರ ಅಮಾಸಿ ಇತ್ರೀ ಸಾಹೇಬ್ರ. ಅಮಾಸಿ ದಿವ್ಸ ನಾ ಚಟ್ನಿ ಕುಟ್ಟಂಗಿಲ್ಲ."